ಆಗುಂಬೆ ಘಾಟಿಯ ಕಿಲೋಜೂಲ್ ಲೆಕ್ಕ

ಉಡುಪಿಯಿಂದ ಆಗುಂಬೆಗೆ ರಸ್ತೆಯಲ್ಲಿ ಸುಮಾರು 55 ಕಿಲೋಮೀಟರ್. ಸೈಕಲ್ ತುಳಿದು ರೂಢಿಯಿದ್ದವರಿಗೆ ಅರ್ಧ ದಿನದ ದಾರಿ ಅನಿಸುತ್ತದೆ. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಆ ಅಂದಾಜು ಸರಿಯೇ. ಅಲ್ಲಿಂದ ಮೇಲೆ, ಉಳಿದ ಹತ್ತು ಕಿಲೋಮೀಟರ್ ಚಿಲ್ಲರೆಯಲ್ಲಿ, 14 ಹೇರ್‌ಪಿನ್ ತಿರುವುಗಳನ್ನು ಸುತ್ತಿ ರಸ್ತೆ 500 ಮೀಟರಿಗೂ ಮಿಕ್ಕಿ ಏರುತ್ತದೆ. ಬಟ್ಟೆಬರೆ, ಹಾಸಿಗೆ, ರಿಪೇರಿ ಸಾಮಾನನ್ನೆಲ್ಲ ಸೈಕಲ್ಲಿನ ಚೌಕಟ್ಟಿಗೇ ಬಿಗಿದು ದಿನಗಟ್ಟಲೆ ಊರೂರು ಸುತ್ತುವುದು ಬೈಕ್‌ಪ್ಯಾಕಿಂಗ್. ಅದಕ್ಕೆ ಹೊರಡುವವರು ಸಾಮಾನ್ಯವಾಗಿ ಮೊದಲು ಚೀಲ ಕೊಳ್ಳುತ್ತಾರೆ, ಆಮೇಲೆ ದಾರಿ ಹುಡುಕುತ್ತಾರೆ. ಇದು ತಿರುಗುಮುರುಗಾಗಬೇಕು. ಏನು ಒಯ್ಯಬೇಕು, ಏನು ಬಿಡಬೇಕು ಎಂಬುದನ್ನು ನಿರ್ಧರಿಸುವುದು ದಾರಿಯ ಏರು.

ಏರಿನ ಭೌತವಿಜ್ಞಾನ ಹೈಸ್ಕೂಲಿನದೇ. ಸವಾರ, ಸೈಕಲ್, ಗಂಟುಮೂಟೆ ಎಲ್ಲ ಸೇರಿ 90 ಕೆ.ಜಿ. ಎಂದುಕೊಳ್ಳಿ. ಅದನ್ನು ಗುರುತ್ವದ 9.8ರಿಂದ, 500 ಮೀಟರ್ ಎತ್ತರದಿಂದ ಗುಣಿಸಿದರೆ 441 ಕಿಲೋಜೂಲ್. ಹೆಚ್ಚೇನೂ ಪಳಗದ ಸವಾರರು ತಾಸುಗಟ್ಟಲೆ ಕೊಡಬಲ್ಲದ್ದು 100 ವ್ಯಾಟ್ ಆಸುಪಾಸು. ಹಾಗಾಗಿ ಎತ್ತರ ಗೆಲ್ಲಲಿಕ್ಕೇ 73 ನಿಮಿಷ ಬೇಕು. ಸಮತಟ್ಟು ಡಾಂಬರಿನ ಮೇಲೆ ಅದೇ 100 ವ್ಯಾಟ್ ನಿಮ್ಮನ್ನು ತಾಸಿಗೆ 21 ಕಿ.ಮೀ. ವೇಗದಲ್ಲಿ ಒಯ್ಯುತ್ತದೆ, ಅಷ್ಟೇ ಹೊತ್ತಿನಲ್ಲಿ 25 ಕಿಲೋಮೀಟರ್ ಸಾಗಬಹುದಿತ್ತು. ದಾರಿ ಗೊತ್ತುಮಾಡುವಾಗ ಪ್ರತಿ 100 ಮೀಟರ್ ಏರಿಗೆ 5 ಕಿಲೋಮೀಟರ್ ಸೇರಿಸಿಕೊಳ್ಳಿ. ಉಡುಪಿ–ಆಗುಂಬೆ ಆಗ 55 ಅಲ್ಲ, 80. ಊಟದ ಲೆಕ್ಕವೂ ಇದರಲ್ಲೇ ಸಿಗುತ್ತದೆ. ಉಂಡದ್ದರಲ್ಲಿ ಸ್ನಾಯುಗಳು ಪೆಡಲಿಗೆ ಮುಟ್ಟಿಸುವುದು ಕಾಲು ಭಾಗ ಮಾತ್ರ, ಉಳಿದದ್ದು ಶಾಖವಾಗಿ ಹೋಗುತ್ತದೆ. ಒಂದು ಕಿಲೋಕ್ಯಾಲೊರಿ ಎಂದರೆ 4.2 ಕಿಲೋಜೂಲ್ ಆದ್ದರಿಂದ ಎರಡೂ ಹೆಚ್ಚುಕಡಿಮೆ ವಜಾ ಆಗಿ, 441 ಕಿಲೋಜೂಲಿನ ಘಾಟಿಗೆ ಸುಮಾರು 440 ಕಿಲೋಕ್ಯಾಲೊರಿ ಬೇಕು. ಎಂಟೊಂಬತ್ತು ಇಡ್ಲಿ.

ಎತ್ತರದ ಅಂಕಿಯನ್ನು ಫೋನಿನ ಆ್ಯಪ್ ಹೇಳುತ್ತದಲ್ಲ ಎನ್ನಬಹುದು. ಒಂದೇ ದಾರಿಗೆ ಎರಡು ಆ್ಯಪ್ ಕೇಳಿನೋಡಿ, ಎರಡು ಉತ್ತರ ಬರುತ್ತದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿಯನ್ನು ಸುತ್ತುತ್ತ ರೇಡಾರಿನಿಂದ ನೆಲದ ಎತ್ತರ ಅಳೆಯಿತು. ಇಂದಿಗೂ ಎಷ್ಟೋ ನಕ್ಷೆಗಳ ತಳಪಾಯ ಆ ದತ್ತಾಂಶವೇ. ಅದು ನೆಲವನ್ನು ಸುಮಾರು 30 ಮೀಟರಿನ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಒಂದೇ ಎತ್ತರ ಕೊಡುತ್ತದೆ. ಗುಡ್ಡದ ಪಕ್ಕೆಯನ್ನು ಕಡಿದು ಮಾಡಿದ ಘಾಟಿ ರಸ್ತೆಯ ಅಗಲ ಏಳೆಂಟು ಮೀಟರ್. ಅದೇ ಚೌಕದೊಳಗೆ ಮೇಲಿನ ದರೆಯೂ ಇರುತ್ತದೆ, ಕೆಳಗಿನ ಕಣಿವೆಯೂ ಇರುತ್ತದೆ. ಸಾಲದ್ದಕ್ಕೆ ಆ ರೇಡಾರ್ ಅಲೆ ದಟ್ಟ ಕಾಡನ್ನು ತೂರಿ ನೆಲ ಮುಟ್ಟುವುದಿಲ್ಲ, ಮರದ ನೆತ್ತಿಯ ಹತ್ತಿರದಿಂದಲೇ ವಾಪಸಾಗುತ್ತದೆ. ಹೀಗಾಗಿ ಆ್ಯಪಿನ ಕಣ್ಣಿಗೆ ನಯವಾದ ಏರು ಗರಗಸದ ಹಲ್ಲಿನಂತೆ ಕಾಣುತ್ತದೆ. ಪ್ರತಿ ಹಲ್ಲಿನ ಏರೂ ಒಟ್ಟಿಗೆ ಸೇರಿ, ಇಲ್ಲದ ಬೆಟ್ಟವನ್ನು ನೀವು ಹತ್ತಿದಂತಾಗುತ್ತದೆ.

ಆಗುಂಬೆಯಂಥ ಕಡೆ ಉಪಾಯ ಸುಲಭ: ನಡುವೆ ಎಲ್ಲೂ ಇಳಿಯದ ರಸ್ತೆಯಾದರೆ ತುದಿಯ ಎತ್ತರದಲ್ಲಿ ಬುಡದ ಎತ್ತರ ಕಳೆಯಿರಿ, ಅದೇ ನಿಜವಾದ ಏರು. ಆಗುಂಬೆಯಿಂದ ಶೃಂಗೇರಿ ಕಡೆಗೆ ಈ ಉಪಾಯ ನಡೆಯದು. ಹತ್ತಿ ಇಳಿದು ಹತ್ತಿ ಇಳಿದು ಹೋಗುವ ದಾರಿ ಅದು. ಅಲ್ಲಿ ಆ್ಯಪಿನ ಅಂಕಿಯನ್ನು ಅಂದಾಜೆಂದೇ ಇಟ್ಟುಕೊಂಡು ಕತ್ತಲಾಗುವುದಕ್ಕೆ ಎರಡು ತಾಸು ಮೊದಲು ತಂಗುವಂತೆ ಯೋಜಿಸುವುದು ಜಾಣತನ.

ನಕ್ಷೆಯಲ್ಲಿ ಕಾಣದ್ದು ಇನ್ನೊಂದಿದೆ. ಹೇರ್‌ಪಿನ್ ತಿರುವಿನ ಒಳಬದಿ ಮತ್ತು ಹೊರಬದಿ ಏರುವ ಎತ್ತರ ಒಂದೇ, ಆದರೆ ಒಳಬದಿಯ ದಾರಿ ತೀರ ಗಿಡ್ಡ. ಹಾಗಾಗಿ ಅದು ಗೋಡೆಯ ಹಾಗೆ ಕಡಿದು. ಎಡಬದಿ ಹಿಡಿದು ಹತ್ತುವ ನಮಗೆ ಎಡಕ್ಕೆ ಹೊರಳುವ ಪ್ರತಿ ತಿರುವಿನಲ್ಲೂ ಪಾಲಿಗೆ ಬರುವುದು ಆ ಒಳಬದಿಯೇ. ಬಸ್ಸಿನ ಹಾರನ್ ಕೇಳಿಸದಿದ್ದರೂ ಹೊರಬದಿಗೆ ಸರಿಯುವ ಆಸೆ ಬೇಡ; ಇಳಿದು ತಳ್ಳಿದರೆ ಯಾರೂ ನಗುವುದಿಲ್ಲ.

ಈಗ ಸಾಮಾನಿನ ಮಾತು. ನನ್ನ ಕೇಳಿದರೆ ಮೊದಲ ದುಡ್ಡು ಗೇರಿಗೆ. ನೂರಕ್ಕೆ ಹತ್ತರ ಏರಿನಲ್ಲಿ, 150 ವ್ಯಾಟ್ ಹಾಕಿ ತುಳಿದರೂ ಆ 90 ಕೆ.ಜಿ. ಸಾಗುವುದು ತಾಸಿಗೆ ಆರು ಕಿ.ಮೀ. ಒಳಗೇ. ಚಕ್ರ ನಿಮಿಷಕ್ಕೆ ಸುಮಾರು 44 ಸುತ್ತು ತಿರುಗುತ್ತದೆ. ರೋಡ್ ಸೈಕಲ್ಲಿನಲ್ಲಿ ಮುಂದೆ 34 ಹಲ್ಲು, ಹಿಂದೆ 28 ಇದ್ದರೆ ಪೆಡಲು ತಿರುಗುವುದು ನಿಮಿಷಕ್ಕೆ 36 ಸಲ. ಒಂದೊಂದು ತುಳಿತವೂ ಮಂಡಿಗೆ ಬೀಳುತ್ತದೆ. ಮುಂದೆ 22, ಹಿಂದೆ 34 ಇದ್ದರೆ ಅದೇ ವೇಗದಲ್ಲಿ 68 ಸಲ ಆರಾಮವಾಗಿ ತುಳಿಯಬಹುದು.

ಇದರ ಮುಂದೆ ತೂಕದ ವ್ಯಾಮೋಹ ಅಷ್ಟೇನೂ ಲಾಭ ತರುವುದಿಲ್ಲ. ಸಾವಿರಾರು ರೂಪಾಯಿ ಸುರಿದು ಮೂರು ಕೆ.ಜಿ. ಇಳಿಸಿದಿರಿ ಅನ್ನೋಣ. ಇಡೀ ಘಾಟಿಯಲ್ಲಿ ಉಳಿಯುವುದು 15 ಕಿಲೋಜೂಲ್, ಅಂದರೆ ಎರಡೂವರೆ ನಿಮಿಷ. ತೂಕ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಮುಖ್ಯ. ನೀರು, ಸ್ಪ್ಯಾನರು, ಪವರ್ ಬ್ಯಾಂಕು ಚೌಕಟ್ಟಿನ ತ್ರಿಕೋನದೊಳಗೆ, ಆದಷ್ಟೂ ಕೆಳಗೆ ಇರಲಿ. ಸೀಟಿನ ಹಿಂದಿನ ಉದ್ದ ಚೀಲಕ್ಕೆ ಬಟ್ಟೆಯಂಥ ಹಗುರದ್ದನ್ನೇ ತುಂಬಿ. ಭಾರ ತುಂಬಿದರೆ ಎದ್ದು ನಿಂತು ತುಳಿಯುವಾಗ ಅದು ಅಕ್ಕಪಕ್ಕ ಓಲಾಡಿ ಸೈಕಲ್ಲನ್ನೇ ಎಳೆಯುತ್ತದೆ.

ಟೈರಿನ ವಿಷಯ ನೆಲಕ್ಕೆ ಸೇರಿದ್ದು. ಜಲ್ಲಿ ಅಥವಾ ಕೆಮ್ಮಣ್ಣಿನ ದಾರಿ ಡಾಂಬರಿಗಿಂತ ಎರಡು ಮೂರು ಪಟ್ಟು ಹೆಚ್ಚು ಉರುಳು ತಡೆ ಒಡ್ಡುತ್ತದೆ. ಗಾಳಿ ಬಿರುಸಾಗಿ ತುಂಬಿದ ತೆಳು ಟೈರು ಪ್ರತಿ ಕಲ್ಲಿಗೂ ಸವಾರನನ್ನೇ ಎತ್ತಿ ಕುಕ್ಕುತ್ತದೆ, ಮುಂದೆ ಹೋಗಬೇಕಾದ ಶಕ್ತಿ ಮೈ ಅಲುಗಾಡುವುದಕ್ಕೆ ಖರ್ಚಾಗುತ್ತದೆ. 45–50 ಮಿ.ಮೀ. ಅಗಲದ ಟೈರಿಗೆ ಗಾಳಿ ಸ್ವಲ್ಪ ಕಡಿಮೆ ತುಂಬಿದರೆ ಅದು ಕಲ್ಲನ್ನು ನುಂಗಿಕೊಂಡು ಸಾಗುತ್ತದೆ.

ಜಾಲದಲ್ಲಿ ಸಿಗುವ ಸಾಮಾನಿನ ಪಟ್ಟಿಗಳು ಬಹಳಷ್ಟು ಬೇರೆ ನೆಲದವು. ಕೆನಡಾದಿಂದ ಮೆಕ್ಸಿಕೊ ಗಡಿಯವರೆಗೆ ರಾಕಿ ಪರ್ವತಗಳುದ್ದಕ್ಕೂ ಸಾಗುವ ಗ್ರೇಟ್ ಡಿವೈಡ್ ದಾರಿಯಲ್ಲಿ ಊರಿಂದೂರಿಗೆ ನೂರು ಕಿಲೋಮೀಟರ್ ಮೀರಿದ ಅಂತರವಿರಬಹುದು. ಅಲ್ಲಿ ಸ್ಟೌವ್, ಡೇರೆ ಇಲ್ಲದೆ ಆಗದು. ಮಲೆನಾಡಿನಲ್ಲಿ ತಾಸೆರಡು ತಾಸಿಗೊಂದು ಹೋಟೆಲು ಸಿಗುವಾಗ ಸ್ಟೌವ್ ಹೊರುವುದೇಕೆ? ದುಬಾರಿ ಮಳೆಕೋಟನ್ನೂ ಬಿಡಬಹುದು. ಬೆವರನ್ನು ಹೊರಬಿಡುವ ಬಟ್ಟೆ ಕೆಲಸ ಮಾಡುವುದು ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಾಗ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಜುಲೈ ಗಾಳಿಯಲ್ಲಿ ಹೊರಗೂ ತೇವ ತುಂಬಿರುತ್ತದೆ. ಕೋಟಿನೊಳಗೆ ಬೆವರಿಗೆ ನೆನೆಯುವುದೋ, ಹೊರಗೆ ಮಳೆಗೆ ನೆನೆಯುವುದೋ, ಆಯ್ಕೆ ಅಷ್ಟೇ. ರಾತ್ರಿಯ ಬಟ್ಟೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದ್ದರೆ ಸಾಕು.

ಇಳಿಯುವಾಗ ಅದೇ 441 ಕಿಲೋಜೂಲ್ ಎಲ್ಲಾದರೂ ಹೋಗಲೇಬೇಕು: ಒಂದು ಪಾಲು ಗಾಳಿಗೆ, ಉಳಿದದ್ದು ಬ್ರೇಕಿಗೆ. ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಬಲ್ಲಷ್ಟು ಶಾಖ ಅದು. ಬ್ರೇಕನ್ನು ಉದ್ದಕ್ಕೂ ಹಿಡಿದೇ ಇಳಿದರೆ ಅದಕ್ಕೆ ತಣಿಯಲು ಬಿಡುವಿಲ್ಲ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ. ಮಳೆಯಲ್ಲಿ ಮರಳುಕಣ ಸೇರಿ ಪ್ಯಾಡುಗಳು ಬಲುಬೇಗ ಸವೆಯುತ್ತವೆ. ಹೆಚ್ಚುವರಿ ಜೊತೆಯೊಂದರ ತೂಕ ಐವತ್ತು ಗ್ರಾಮೂ ಇಲ್ಲ. ಘಾಟಿ ಕೆಳಗಿನ ಅಂಗಡಿಯಲ್ಲಿ ನಿಮ್ಮ ಅಳತೆಯದು ಸಿಗುತ್ತದೆಂದು ನಂಬಿ ಹೊರಡಬೇಡಿ.