ಅರ್ಜಿ ಹಾಕಿದ್ದು ನಾವು ನಾಲ್ವರೇ!

ಪಿಯುಸಿ ಫಲಿತಾಂಶ ಬಂದ ಮೇಲೆ ಒಂದು ತಿಂಗಳು ಊರಿನವರಿಗೆಲ್ಲ ಒಂದೇ ಪ್ರಶ್ನೆ: ‘ಮುಂದೆ ಯಾವ ಕಾಲೇಜು?’ ಬೆಂಗಳೂರಿನದ್ದೋ ದಾವಣಗೆರೆಯದ್ದೋ ಹೆಸರು ಹೇಳಿದರೆ ಖುಷಿಯಿಂದ ತಲೆಯಾಡಿಸುತ್ತಾರೆ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಎಂದರೆ, ‘ಯಾಕಮ್ಮ, ಬೇರೆ ಕಡೆ ಸೀಟು ಸಿಗಲಿಲ್ವಾ?’ ಎನ್ನುತ್ತಾರೆ. ಎಲ್ಲೂ ಸೀಟು ಸಿಗದವರು ಕೊನೆಗೆ ಹೋಗಿ ಸೇರುವ ಜಾಗ ಅದು ಎಂಬ ನಂಬಿಕೆ ಅಷ್ಟು ಗಟ್ಟಿ. ನಾನು ಮೊದಲ ಅರ್ಜಿಯನ್ನೇ ಅಲ್ಲಿಗೆ ಹಾಕಿದವಳು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ದೊಡ್ಡ ಊರಿನ ಕಾಲೇಜಿಗೆ ದಿನವೂ ಹೋಗಿ ಬರಬಹುದಿತ್ತು. ಆದರೆ ಬಸ್ಸಿನಲ್ಲೇ ನಾಲ್ಕು ಗಂಟೆ ಕಳೆದರೆ ಓದುವುದು ಯಾವಾಗ? ನನಗೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗುವ ಆಸೆ. ಅದಕ್ಕೆ ಗಣಿತ ಇರುವ ಬಿ.ಎಸ್ಸಿ. ಮುಗಿಸಿ, ಬಿ.ಇಡಿ. ಮಾಡಬೇಕು. ಮನೆಯಿಂದ ಇಪ್ಪತ್ತೇ ನಿಮಿಷದ ದಾರಿಯ ಕಾಲೇಜಿನಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಕಾಂಬಿನೇಷನ್ ಇತ್ತು. ನನಗೆ ಬೇಕಾಗಿದ್ದು ಅಷ್ಟೇ.

ನಾನು ಸೇರಿದ್ದು 2024ರಲ್ಲಿ, ನಾಲ್ಕು ವರ್ಷದ ಪದವಿ ಬಿಟ್ಟು ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದ ವರ್ಷ. ಪದವಿ ಪ್ರವೇಶದ ಅರ್ಜಿ ಈಗ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಮೊಬೈಲ್, ಒಟಿಪಿ, ಅಂಕಪಟ್ಟಿ, ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಕೈಯಲ್ಲಿದ್ದರೆ ಅರ್ಧ ದಿನದ ಕೆಲಸ. ಒಂದು ಎಚ್ಚರ ಮಾತ್ರ ಬೇಕು. ಹತ್ತನೇ ತರಗತಿಯ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ತರ ಇರಬೇಕು. ಗೆಳತಿಯೊಬ್ಬಳ ಆಧಾರ್‌ನಲ್ಲಿ ಇನಿಷಿಯಲ್ ಇರಲಿಲ್ಲ. ಅದನ್ನು ಸರಿಪಡಿಸಿ ಬರುವಷ್ಟರಲ್ಲಿ ಅವಳ ವಿದ್ಯಾರ್ಥಿವೇತನದ ಅರ್ಜಿ ತಿಂಗಳುಗಟ್ಟಲೆ ನಿಂತಿತ್ತು.

ಪೋರ್ಟಲ್‌ನಲ್ಲಿ ಗೊತ್ತಾಗದ ಸಂಗತಿಯೊಂದು ದಾಖಲೆ ತೋರಿಸಲು ಕಾಲೇಜಿಗೆ ಹೋದಾಗ ತಿಳಿಯಿತು. ‘ನೋಡಮ್ಮ, ಪಿಸಿಎಂಗೆ ಬಂದಿರೋದು ನಾಲ್ಕೇ ಅರ್ಜಿ. ಒಂದ್ ಹತ್ತು ಜನ ಆದ್ರೆ ಕ್ಲಾಸ್ ನಡೆಸಬಹುದು. ಇಲ್ಲ ಅಂದ್ರೆ ಬೇರೆ ಕಾಂಬಿನೇಷನ್ ತಗೋಬೇಕಾಗುತ್ತೆ’ ಎಂದರು ಗಣಿತದ ಸರ್. ದೊಡ್ಡ ಕಾಲೇಜಿನಲ್ಲಿ ಸೀಟು ಕಡಿಮೆ, ಅರ್ಜಿ ಹೆಚ್ಚು. ಸಣ್ಣ ಕಾಲೇಜಿನಲ್ಲಿ ಅದು ತಿರುವುಮುರುವು. ಪಟ್ಟಿಯಲ್ಲಿ ಕಾಂಬಿನೇಷನ್ ಇದ್ದರೂ ಮಕ್ಕಳು ಬರದಿದ್ದರೆ ಅದು ನಡೆಯುವುದಿಲ್ಲ. ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಂಡರೆ ನಾನು ಗಣಿತದ ಟೀಚರ್ ಆಗುವುದು ಹೇಗೆ?

ನಾವು ನಾಲ್ವರೂ ಅವತ್ತೇ ಕ್ಯಾಂಟೀನಿನಲ್ಲಿ ಕೂತು, ಪಿಯುಸಿಯಲ್ಲಿ ಜೊತೆಗೆ ವಿಜ್ಞಾನ ಓದಿದವರ ಹೆಸರು ಬರೆದೆವು. ಎಂಜಿನಿಯರಿಂಗ್‌ಗೆ ಹೊರಟವರನ್ನು ಬಿಟ್ಟರೆ ಹತ್ತೊಂಬತ್ತು ಮಂದಿ ಉಳಿದರು. ಕೆಲವರಿಗೆ ಫೋನ್ ಮಾಡಿದೆವು, ಕೆಲವರ ಮನೆಗೇ ಹೋದೆವು. ಇಬ್ಬರು ಹುಡುಗಿಯರು ಓದು ನಿಲ್ಲಿಸಿ ಮನೆಯಲ್ಲಿದ್ದರು. ಅವರಲ್ಲಿ ಒಬ್ಬಳ ಅಪ್ಪ, ‘ಗೌರ್ಮೆಂಟ್ ಕಾಲೇಜಲ್ಲಿ ಪಾಠ ಆಗುತ್ತೇನವ್ವಾ?’ ಎಂದರು. ‘ಒಂದ್ಸಲ ನೀವೇ ಬಂದು ನೋಡಿ ಅಂಕಲ್’ ಎಂದೆವು. ಮಾರನೆಯ ದಿನ ಅವರು ನಿಜಕ್ಕೂ ಬಂದು ಪ್ರಯೋಗಾಲಯ ನೋಡಿ, ಸರ್ ಜೊತೆ ಮಾತಾಡಿ, ಮಗಳ ಟಿ.ಸಿ. ಕೊಟ್ಟು ಹೋದರು. ಕೊನೆಯ ದಿನಕ್ಕೆ ನಾವು ಹನ್ನೊಂದು ಜನರಾಗಿದ್ದೆವು.

ಸೇರಿದ ಮೇಲೆ ಎಲ್ಲವೂ ಸುಸೂತ್ರವಾಗಿತ್ತು ಎನ್ನುವುದಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ನಮ್ಮಲ್ಲಿ ಭೌತವಿಜ್ಞಾನಕ್ಕೆ ಅತಿಥಿ ಉಪನ್ಯಾಸಕರು ಬಂದಿದ್ದೇ ತಿಂಗಳು ಕಳೆದ ಮೇಲೆ. ಅಷ್ಟು ದಿನ ಲೈಬ್ರರಿಯಲ್ಲಿ ಕೂತು ಒಬ್ಬರಿಗೊಬ್ಬರು ಹೇಳಿಕೊಟ್ಟು ಓದಿದೆವು. ಕ್ಯಾಂಪಸ್ ಸಂದರ್ಶನಕ್ಕೆ ಕಂಪನಿಗಳು ನಮ್ಮಲ್ಲಿಗೆ ಬರುವುದಿಲ್ಲ. ಲ್ಯಾಬ್ ಮುಗಿಯುವುದು ಸ್ವಲ್ಪ ತಡವಾದರೂ ಊರಿನ ಬಸ್ಸು ತಪ್ಪುತ್ತದೆ.

ಆದರೆ ಹನ್ನೊಂದೇ ಜನರ ತರಗತಿಯಲ್ಲಿ ಹಿಂದಿನ ಬೆಂಚು ಎಂಬುದೇ ಇರುವುದಿಲ್ಲ. ದಿನವೂ ಯಾರಾದರೊಬ್ಬರು ಬೋರ್ಡಿಗೆ ಹೋಗಿ ಲೆಕ್ಕ ಬಿಡಿಸಲೇಬೇಕು. ದೊಡ್ಡ ಕಾಲೇಜಿಗೆ ಸೇರಿದ ನನ್ನ ಅತ್ತೆಯ ಮಗಳು, ಲ್ಯಾಬಿನಲ್ಲಿ ಒಂದು ಟೇಬಲ್ಲಿಗೆ ಐವರು ನಿಂತರೆ ಉಪಕರಣ ಮುಟ್ಟುವುದು ಒಬ್ಬರೇ ಎನ್ನುತ್ತಾಳೆ. ನಮ್ಮಲ್ಲಿ ರೀಡಿಂಗ್ ತಪ್ಪಾದರೆ ಮತ್ತೊಮ್ಮೆ ಮಾಡುವಷ್ಟು ಬಿಡುವಿದೆ. ಎರಡು ದಿನ ಬಾರದಿದ್ದರೆ ಸರ್ ಮನೆಗೆ ಫೋನ್ ಮಾಡುತ್ತಾರೆ. ಮೊದಮೊದಲು ಅದು ಕಿರಿಕಿರಿ ಎನಿಸುತ್ತಿತ್ತು. ಮದುವೆ ಮಾತುಕತೆಯ ನೆಪದಲ್ಲಿ ಕಾಲೇಜು ಬಿಡಲಿದ್ದ ಗೆಳತಿಯನ್ನು ಆ ಫೋನೇ ತರಗತಿಗೆ ವಾಪಸ್ ಕರೆತಂದಿತು.

ಈ ವರ್ಷ ಪಿಯುಸಿ ಮುಗಿಸುವವರಿಗೆ ನಾನು ಹೇಳುವುದಿಷ್ಟು. ಸಣ್ಣ ಕಾಲೇಜಿಗೆ ಅರ್ಜಿ ಹಾಕುವುದಾದರೆ ಪೋರ್ಟಲ್ ನೋಡಿ ಸುಮ್ಮನಾಗಬೇಡಿ, ಒಮ್ಮೆ ಹೋಗಿ ಬನ್ನಿ. ನಿಮಗೆ ಬೇಕಾದ ಕಾಂಬಿನೇಷನ್ ಕಳೆದ ವರ್ಷ ನಡೆದಿದೆಯೇ, ಈಗ ಎಷ್ಟು ಅರ್ಜಿ ಬಂದಿವೆ, ಕಾಯಂ ಉಪನ್ಯಾಸಕರು ಯಾವ ವಿಷಯಕ್ಕಿದ್ದಾರೆ ಎಂದು ಕೇಳಿ. ಲ್ಯಾಬಿನ ಬಾಗಿಲು ತೆಗೆಸಿ ನೋಡಿ. ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ತಿಳಿದುಕೊಳ್ಳಿ. ಎರಡನೇ ವರ್ಷದವರನ್ನು ಮಾತಾಡಿಸಿ, ಅವರು ಮುಚ್ಚಿಡದೆ ಹೇಳುತ್ತಾರೆ. ಮುಂದೆ ಏನಾಗಬೇಕೆಂದಿದ್ದೀರೋ ಅದಕ್ಕೆ ಯಾವ ವಿಷಯ ಬೇಕು ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಬಿ.ಇಡಿ.ಗೆ ಪದವಿಯಲ್ಲಿ ಸಾಮಾನ್ಯವಾಗಿ ಶೇ 50 ಅಂಕ ಬೇಕು. ಜೊತೆಗೆ ಪದವಿಯಲ್ಲಿ ಯಾವ ವಿಷಯ ಓದಿದ್ದೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕಾಲೇಜು ಎಷ್ಟು ದೊಡ್ಡದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಎಲ್ಲ ಕೇಳಿ ನೋಡಿದ ಮೇಲೂ ಅದೇ ಕಾಲೇಜು ಸರಿ ಎನಿಸಿದರೆ, ಒಬ್ಬರೇ ಅರ್ಜಿ ಹಾಕಬೇಡಿ. ಜೊತೆಗಿಬ್ಬರನ್ನು ಕರೆದುಕೊಂಡು ಹೋಗಿ.

ಕಳೆದ ಬೇಸಿಗೆಯಲ್ಲಿ ನಮ್ಮ ತರಗತಿಯವರು ತಾಲ್ಲೂಕಿನ ಮೂರು ಪಿಯು ಕಾಲೇಜುಗಳ ಮಕ್ಕಳನ್ನು ಭೇಟಿ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದೆವು. ಭೌತವಿಜ್ಞಾನದ ಮೇಷ್ಟ್ರು ತಡವಾಗಿ ಬಂದದ್ದನ್ನೂ ಮುಚ್ಚಿಡಲಿಲ್ಲ. ನಮ್ಮ ಜೂನಿಯರ್‌ಗಳು ಹದಿನೇಳು ಜನ.