ಮಗಳು ಮೆಕ್ಯಾನಿಕಲ್ ಓದುತ್ತೇನೆಂದಾಗ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದೊಡನೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ನಮ್ಮ ಕುಟುಂಬಗಳಲ್ಲಿ ಒಂದು ಚರ್ಚೆ ಆರಂಭವಾಗುತ್ತದೆ. ಮಗಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಬಯಸಿದರೆ, "ಅದು ಗಂಡುಹುಡುಗರ ವಿಭಾಗವಮ್ಮ, ಕಂಪ್ಯೂಟರ್ ತೆಗೆದುಕೋ" ಎನ್ನುತ್ತಾರೆ ಹಿರಿಯರು. ಭಾನುವಾರದ ಪೂಜೆ ಮುಗಿದ ಬಳಿಕ ದೇವಾಲಯದ ಅಂಗಳದಲ್ಲೂ ಈ ಮಾತನ್ನು ಕೇಳಿದ್ದೇವೆ. ನಮ್ಮಲ್ಲಿ ಕೆಲವರು ಆಡಿಯೂ ಇದ್ದೇವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೈಗಳು ಹೆಣ್ಣುಮಕ್ಕಳವು. ಅದನ್ನು ಪುಡಿಮಾಡುವ ಯಂತ್ರದ ವಿದ್ಯೆ ಮಾತ್ರ ಅವರದಲ್ಲವೆಂದರೆ ಹೇಗೆ?

ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದ ಡಾ. ರಾಜೇಶ್ವರಿ ಚಟರ್ಜಿಯವರ ವಿಭಾಗ ಮೆಕ್ಯಾನಿಕಲ್ ಅಲ್ಲ, ವಿದ್ಯುತ್ ಸಂವಹನ. ಆದರೂ ಅವರ ಬದುಕನ್ನು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕು. 1922ರಲ್ಲಿ ಜನಿಸಿದ ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರು. ಓದು ಆ ಮನೆಗೆ ಹೊಸದಾಗಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಹಡಗೇರಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೊರಟಾಗ ಅವರಿನ್ನೂ ಅವಿವಾಹಿತೆ. ಅಂದಿನ ಕಾಲಕ್ಕೆ ಮಗಳನ್ನು ಹಾಗೆ ಕಳುಹಿಸಿದ ಆ ಮನೆಯವರ ಧೈರ್ಯವನ್ನೂ ನೆನೆಯಬೇಕು.

1953ರಲ್ಲಿ ಡಾಕ್ಟರೇಟ್ ಪಡೆದು ಮರಳಿದ ಅವರು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಕೈಹಿಡಿದು, ಇಬ್ಬರೂ ಕೂಡಿ ಮೈಕ್ರೋವೇವ್ ಸಂಶೋಧನೆಗೆ ತಳಹದಿ ಹಾಕಿದರು. ರೇಡಾರ್‌ಗೂ ವಿಮಾನದ ಆಂಟೆನಾಗಳಿಗೂ ಬೇಕಾದ ವಿದ್ಯೆಯದು. 20 ಮಂದಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. 1982ರಲ್ಲಿ ನಿವೃತ್ತರಾದ ಅವರು 2010ರಲ್ಲಿ ತೀರಿಕೊಂಡರು.

ಇನ್ನು ಮೆಕ್ಯಾನಿಕಲ್ ವಿಷಯ. 1947ರಲ್ಲಿ ಬಂಗಾಳದ ಶಿಬ್‌ಪುರದ ಇಂಜಿನಿಯರಿಂಗ್ ಕಾಲೇಜನ್ನು ಸೇರಿದ ಇಳಾ ಮಜುಂದಾರ್ ಅವರು ಬಯಸಿದ್ದು ಸಿವಿಲ್. ಅದು ಹೆಣ್ಣುಮಗಳಿಗೆ ಶ್ರಮದಾಯಕವೆಂದು ಪ್ರಾಚಾರ್ಯರು ತಡೆದಾಗ ಅವರು ಆರಿಸಿಕೊಂಡದ್ದು ಮೆಕ್ಯಾನಿಕಲ್! ಇಂದು ನಾವು ಮಗಳಿಗೆ ಬೇಡವೆನ್ನುವುದು ಅಂದು ಹಗುರವಾದ ವಿಭಾಗವಾಗಿತ್ತು. 1951ರಲ್ಲಿ ಪದವಿ ಪಡೆದು, ಗ್ಲಾಸ್ಗೋದಲ್ಲಿ ತರಬೇತಿ ಮುಗಿಸಿ, ಡೆಹ್ರಾಡೂನಿನ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ದುಡಿದರು. ಬಳಿಕ ದೆಹಲಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದ ಅವರು ಕಲ್ಕತ್ತೆಯ ಮಹಿಳಾ ಪಾಲಿಟೆಕ್ನಿಕ್‌ನ ಮೊದಲ ಪ್ರಾಚಾರ್ಯರಾದರು. 1985ರಲ್ಲಿ ಢಾಕಾದಲ್ಲಿ ಹೆಣ್ಣುಮಕ್ಕಳ ಪಾಲಿಟೆಕ್ನಿಕ್ ಕಟ್ಟಲು ಯುನೆಸ್ಕೋ ಕರೆದದ್ದೂ ಅವರನ್ನೇ.