ಪೇಸ್ಲಿಪ್‌ನಿಂದ ರಿಪನ್ ಬಿಲ್ಡಿಂಗ್‌ವರೆಗೆ: ಚೆನ್ನೈ ಕಾರ್ಪೊರೇಷನ್‌ಗೆ ನಾವೂ ಲೆಕ್ಕ ಕೇಳಬಹುದಾ?

(ಈ ವಾರದ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೀನಿ.)



ಚೆನ್ನೈನಲ್ಲಿರೋ ನಮ್ಮ ಕನ್ನಡದೋರ ಬಾಯಲ್ಲಿ ನಾನು ಪದೇ ಪದೇ ಕೇಳೋ ಮಾತೊಂದಿದೆ. "ನಾವು ಬಾಡಿಗೆಗಿರೋರು. ವೋಟು ಊರಲ್ಲಿದೆ. ತಮಿಳು ಅಷ್ಟಕ್ಕಷ್ಟೆ. ಕಾರ್ಪೊರೇಷನ್‌ನೋರು ಏನ್ ಮಾಡ್ತಿದ್ದಾರೆ ಅಂತ ಕೇಳೋಕೆ ನಾವ್ಯಾರು?" ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಗೆ ಉತ್ತರ. ಮೊದಲೇ ಹೇಳಿಬಿಡ್ತೀನಿ: ಕೇಳಬಹುದು. ಹೇಗೆ, ಎಲ್ಲಿಯವರೆಗೆ ಅನ್ನೋದನ್ನ ನೋಡೋಣ.

ನಿಮ್ಮ ದುಡ್ಡು ಎಲ್ಲಿಗೆ ಹೋಗ್ತಿದೆ?

ನಿಮ್ಮ ಪೇಸ್ಲಿಪ್ ತೆಗೆದು ನೋಡಿ. ವರ್ಷಕ್ಕೆ ಎರಡು ಸಲ ಪ್ರೊಫೆಷನಲ್ ಟ್ಯಾಕ್ಸ್ ಕಟ್ ಆಗಿರುತ್ತೆ. ಆರು ತಿಂಗಳಿಗೆ 75,000 ರೂಪಾಯಿಗಿಂತ ಹೆಚ್ಚು ದುಡಿಯೋರಿಗೆ 1,250 ರೂಪಾಯಿ, ಅಂದ್ರೆ ವರ್ಷಕ್ಕೆ 2,500. ಸಂವಿಧಾನದ 276ನೇ ವಿಧಿ ಈ ತೆರಿಗೆಗೆ ಹಾಕಿರೋ ಗರಿಷ್ಠ ಮಿತಿಯೂ ಅಷ್ಟೇ.

ಬೆಂಗಳೂರಲ್ಲಿ ಕೆಲಸ ಮಾಡಿದೋರು ಇದನ್ನ ಅಲ್ಲೂ ಕಟ್ಟಿದ್ದೀರಿ. ಆದ್ರೆ ಒಂದು ವ್ಯತ್ಯಾಸ ಇದೆ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ರಾಜ್ಯ ಸರ್ಕಾರದ ಖಜಾನೆಗೆ ಹೋಗುತ್ತೆ. ತಮಿಳುನಾಡಿನಲ್ಲಿ ಅದು ನಿಮ್ಮ ಆಫೀಸ್ ಇರೋ ಜಾಗದ ಸ್ಥಳೀಯ ಸಂಸ್ಥೆಗೆ ಹೋಗುತ್ತೆ. ಪೆರುಂಗುಡಿಯಲ್ಲೋ ಶೋಳಿಂಗನಲ್ಲೂರಿನಲ್ಲೋ ಆಫೀಸ್ ಇದ್ರೆ ಆ ದುಡ್ಡು ಗ್ರೇಟರ್ ಚೆನ್ನೈ ಕಾರ್ಪೊರೇಷನ್ ಲೆಕ್ಕಕ್ಕೆ. ನಿಮ್ಮ ಓನರ್ ಕಟ್ಟೋ ಆಸ್ತಿ ತೆರಿಗೆ ನಿಮ್ಮ ಬಾಡಿಗೆಯೊಳಗೇ ಸೇರಿರುತ್ತೆ, ಅದನ್ನ ಬೇರೆ ಹೇಳಬೇಕಾಗಿಲ್ಲ.

ಹಾಗಾಗಿ "ನಾವ್ಯಾರು" ಅಂದ್ರೆ, ದುಡ್ಡು ಕೊಡೋರು.

ಎರಡು ಪದ, ಎರಡು ಕೆಲಸ

ಪಾರದರ್ಶಕತೆ, ಉತ್ತರದಾಯಿತ್ವ. ಭಾಷಣಗಳಲ್ಲಿ ಎರಡೂ ಜೋಡಿಯಾಗೇ ಬರುತ್ತೆ, ಅದಕ್ಕೇ ಎರಡೂ ಒಂದೇ ಅನ್ನಿಸಿಬಿಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಸಿಸ್ಟಮ್ ಒಳಗೆ ಏನಾಗ್ತಿದೆ ಅಂತ ಲಾಗ್ ನೋಡೋಕೆ ಸಿಕ್ಕರೆ ಅದು ಪಾರದರ್ಶಕತೆ. ರಾತ್ರಿ ಎರಡು ಗಂಟೆಗೆ ಸಿಸ್ಟಮ್ ಬಿದ್ದಾಗ ಫೋನ್ ಎತ್ತಿ "ಹೌದು, ಇದು ನನ್ನ ಜವಾಬ್ದಾರಿ" ಅನ್ನೋ ಮನುಷ್ಯ ಇದ್ರೆ ಅದು ಉತ್ತರದಾಯಿತ್ವ. ಲಾಗ್ ಇದ್ದು ಮನುಷ್ಯ ಇಲ್ಲದಿದ್ರೆ ಸುಮ್ಮನೆ ನೋಡ್ತಾ ಕೂರಬೇಕು. ಮನುಷ್ಯ ಇದ್ದು ಲಾಗ್ ಇಲ್ಲದಿದ್ರೆ ಅವನು ಹೇಳಿದ್ದೇ ನಿಜ.

ಎರಡೂ ಒಟ್ಟಿಗೆ ಬೇಕು ಅನ್ನೋದಕ್ಕೆ ಚೆನ್ನೈನ ಇತಿಹಾಸಕ್ಕಿಂತ ಒಳ್ಳೆ ಪಾಠ ಇಲ್ಲ.

ಮಸ್ಟರ್ ರೋಲ್‌ನ ಕಥೆ

ಚೆನ್ನೈ ಕಾರ್ಪೊರೇಷನ್ 1688ರಲ್ಲಿ ಶುರುವಾಗಿದ್ದು, ದೇಶದಲ್ಲೇ ಅತಿ ಹಳೆಯದು. ಸೆಂಟ್ರಲ್ ಸ್ಟೇಷನ್ ಪಕ್ಕ ಇರೋ ಬಿಳಿ ರಿಪನ್ ಬಿಲ್ಡಿಂಗ್ ಅದರ ಕಚೇರಿ. ಇಷ್ಟು ಹಳೆಯ ಸಂಸ್ಥೆಯಲ್ಲಿ 1973ರಲ್ಲಿ ಒಂದು ಹಗರಣ ಹೊರಬಂತು. ಜನ ಅದನ್ನ ಮಸ್ಟರ್ ರೋಲ್ ಹಗರಣ ಅಂತಲೇ ಕರೆದ್ರು. ಮಸ್ಟರ್ ರೋಲ್ ಅಂದ್ರೆ ಕೂಲಿಯವರ ಹಾಜರಿ ಪಟ್ಟಿ. ಇಲ್ಲದ ಕೂಲಿಗಳ ಹೆಸರು ಬರೆದು ಸಂಬಳ ಎತ್ತಿದ್ದಾರೆ ಅನ್ನೋದು ಆರೋಪ.

ಸರ್ಕಾರ ಏನ್ ಮಾಡ್ತು? ಚುನಾಯಿತ ಕೌನ್ಸಿಲನ್ನೇ ವಿಸರ್ಜನೆ ಮಾಡ್ತು. ಮುಂದಿನ ಚುನಾವಣೆ ನಡೆದಿದ್ದು 1996ರಲ್ಲಿ. ಇಪ್ಪತ್ಮೂರು ವರ್ಷ ಈ ಊರಿಗೆ ಕೌನ್ಸಿಲರೂ ಇಲ್ಲ, ಮೇಯರೂ ಇಲ್ಲ, ಅಧಿಕಾರಿಗಳದ್ದೇ ಆಡಳಿತ. ತಪ್ಪು ಲೆಕ್ಕ ಬರೆದೋರಿಗೆ ಶಿಕ್ಷೆ ಆಗಲೇಬೇಕು, ಸರಿ. ಆದ್ರೆ ಲೆಕ್ಕದ ಪುಸ್ತಕ ಜನರಿಗೆ ತೆರೆದು ತೋರಿಸೋದರ ಬದಲು, ಜನ ಹೋಗಿ ಬಾಗಿಲು ತಟ್ಟಬಹುದಾಗಿದ್ದ ಮನೆಗಳನ್ನೇ ಖಾಲಿ ಮಾಡಿಸಿದ ಹಾಗಾಯ್ತು.

ಇದೇ ಮಸ್ಟರ್ ರೋಲ್ ಇನ್ನೊಂದು ಕಡೆ ಬೇರೆ ದಾರಿ ಹಿಡೀತು. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಅನ್ನೋ ಸಂಘಟನೆಯವರು ಕೂಲಿ ಸಿಗದ ಜನರ ಜೊತೆ ನಿಂತು, ಸರ್ಕಾರಿ ಕಾಮಗಾರಿಗಳ ಮಸ್ಟರ್ ರೋಲ್ ಮತ್ತು ಬಿಲ್ಲುಗಳನ್ನ ಊರ ಮುಂದೆ ಗಟ್ಟಿಯಾಗಿ ಓದಿಸಿದ್ರು. ಮೊದಲ ಜನ ಸುನ್ವಾಯಿ ನಡೆದಿದ್ದು 1994ರ ಡಿಸೆಂಬರ್‌ನಲ್ಲಿ. ಪಟ್ಟಿಯಲ್ಲಿ ಯಾರ ಹೆಸರಿದೆ, ಅವರು ನಿಜವಾಗಿ ಕೆಲಸ ಮಾಡಿದ್ರಾ ಅಂತ ಆ ಊರಿನೋರಿಗೆ ಗೊತ್ತಿರುತ್ತಲ್ಲ, ಓದಿದ ತಕ್ಷಣ ಬಣ್ಣ ಬಯಲು. ಆ ಚಳವಳಿಯೇ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡ್ತು. ಅದರ ಮುಂದಾಳು ಅರುಣಾ ರಾಯ್ ಹುಟ್ಟಿದ್ದು ಇದೇ ಮದ್ರಾಸಿನಲ್ಲಿ.

ಒಂದೇ ಕಾಗದ. ಒಂದು ಕಡೆ ಅದರಿಂದ ಕೌನ್ಸಿಲ್ ಹೋಯ್ತು, ಇನ್ನೊಂದು ಕಡೆ ಕಾನೂನು ಬಂತು.

ಮತ್ತೆ ಅದೇ ಖಾಲಿ ಕುರ್ಚಿ

ಇದೆಲ್ಲ ಹಳೇ ಕಥೆ ಅನ್ಕೋಬೇಡಿ. ಸಂವಿಧಾನದ 74ನೇ ತಿದ್ದುಪಡಿ ಬಂದ ಮೇಲೆ ನಗರಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯೋ ಮೊದಲೇ ಚುನಾವಣೆ ಆಗಬೇಕು. ಆದರೂ ಚೆನ್ನೈನಲ್ಲಿ 2016ರ ಅಕ್ಟೋಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದು, ಚುನಾವಣೆ ಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡು, ಮತದಾನ ಆಗಿದ್ದು 2022ರ ಫೆಬ್ರವರಿ 19ಕ್ಕೆ. ಮಾರ್ಚ್‌ನಲ್ಲಿ ಆರ್. ಪ್ರಿಯಾ ಮೇಯರ್ ಆದ್ರು, ಈ ಊರಿನ ಮೊದಲ ದಲಿತ ಮಹಿಳಾ ಮೇಯರ್.

ಆ ಐದು ಚಿಲ್ಲರೆ ವರ್ಷದಲ್ಲಿ ಏನೇನಾಯ್ತು ನೆನಪಿಸಿಕೊಳ್ಳಿ. 2016ರ ವರ್ದಾ ಚಂಡಮಾರುತ, 2019ರಲ್ಲಿ ಕೆರೆಗಳು ಬತ್ತಿ ಟ್ಯಾಂಕರ್‌ಗೆ ಕಾದಿದ್ದು, ಕೋವಿಡ್, 2021ರ ನವೆಂಬರ್‌ನ ಪ್ರವಾಹ. ಇಷ್ಟಕ್ಕೂ ವಾರ್ಡಿನಲ್ಲಿ ಹೋಗಿ ಕೇಳೋಕೆ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ.

ನಮ್ಮೂರೇನು ಮೇಲಲ್ಲ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗೀತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯನ್ನೇ ಮುಗಿಸಿ ಐದು ಪಾಲಿಕೆ ಮಾಡೋ ತನಕ ಚುನಾವಣೆ ಆಗಲೇ ಇಲ್ಲ.

ಮೊದಲು ಗೊತ್ತಿರಬೇಕಾದ್ದು: ಯಾರ ಕೆಲಸ ಯಾರದು

ನಮ್ಮ ಅರ್ಧ ದೂರುಗಳು ಸಾಯೋದು ಇಲ್ಲೇ. 2011ಕ್ಕೆ ಮೊದಲು ಚೆನ್ನೈ ಕಾರ್ಪೊರೇಷನ್ 174 ಚದರ ಕಿಲೋಮೀಟರ್ ಇತ್ತು. ಆಮೇಲೆ 426 ಆಯ್ತು, 15 ವಲಯ, 200 ವಾರ್ಡು. ಓಎಂಆರ್‌ನ ಪೆರುಂಗುಡಿ, ಶೋಳಿಂಗನಲ್ಲೂರು ಒಳಗೆ ಬಂದಿದ್ದು ಆಗಲೇ. ಆದ್ರೆ ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದ್ರೆ ಸಿಗೋ ನಾವಲೂರು, ಸಿರುಸೇರಿ, ಕೇಳಂಬಾಕ್ಕಂ ಕಾರ್ಪೊರೇಷನ್ ಒಳಗಿಲ್ಲ. ತಾಂಬರಂ, ಆವಡಿ ಬೇರೆಯೇ ಕಾರ್ಪೊರೇಷನ್‌ಗಳು.

ಕಾರ್ಪೊರೇಷನ್ ಒಳಗೇ ಇದ್ರೂ ಎಲ್ಲ ಅವರದ್ದಲ್ಲ. ಒಳರಸ್ತೆ, ಮಳೆನೀರು ಚರಂಡಿ, ಬೀದಿದೀಪ, ಕಸ ಅವರದು. ಕುಡಿಯೋ ನೀರು, ಒಳಚರಂಡಿ ಮೆಟ್ರೋ ವಾಟರ್‌ನದು. ದೊಡ್ಡ ಕೆರೆ, ನದಿ ಜಲಸಂಪನ್ಮೂಲ ಇಲಾಖೆಯದು. ಮ್ಯಾನ್‌ಹೋಲ್ ಉಕ್ಕಿದ್ರೆ ಒಬ್ಬರು, ಪಕ್ಕದ ಮಳೆನೀರು ಚರಂಡಿ ಕಟ್ಟಿಕೊಂಡ್ರೆ ಇನ್ನೊಬ್ಬರು. ನಿಮಗೆ ಎರಡೂ ಮನೆ ಮುಂದಿನ ಕೊಳಕು ನೀರೇ.

ಕಾರ್ಪೊರೇಷನ್ ದೂರಿಗೆ 1913ಕ್ಕೆ ಫೋನ್ ಮಾಡಿ. ರಿಪನ್ ಬಿಲ್ಡಿಂಗ್ ಉದ್ಘಾಟನೆಯಾದ ವರ್ಷವೂ 1913, ಮರೆಯಲ್ಲ. ದೂರಿನ ಸಂಖ್ಯೆ ಬರೆದಿಟ್ಕೊಳ್ಳಿ, ಫೋಟೊ ತೆಗೆದಿಟ್ಕೊಳ್ಳಿ. ಕೆಲಸ ಆಗದೆ ಟಿಕೆಟ್ ಕ್ಲೋಸ್ ಆದ್ರೆ ಮುಂದಿನ ಹೆಜ್ಜೆಗೆ ಇದೇ ಸಾಕ್ಷಿ.

ಹತ್ತು ರೂಪಾಯಿಯ ಅರ್ಜಿ

ಆ ಮುಂದಿನ ಹೆಜ್ಜೆ ಆರ್‌ಟಿಐ. ನಮ್ಮಂಥೋರಿಗೆ ಹೇಳಿ ಮಾಡಿಸಿದ ಹಾಗಿದೆ, ಯಾಕಂದ್ರೆ:

1. ಭಾರತದ ಪ್ರಜೆಯಾದ್ರೆ ಸಾಕು. ಇಲ್ಲಿ ವೋಟು, ಸ್ವಂತ ಮನೆ ಏನೂ ಬೇಡ.
2. ತಮಿಳಲ್ಲೇ ಬರೀಬೇಕು ಅಂತಿಲ್ಲ. ಇಂಗ್ಲಿಷಿನಲ್ಲೂ ಅರ್ಜಿ ಕೊಡಬಹುದು.
3. ಯಾಕೆ ಕೇಳ್ತಿದ್ದೀನಿ ಅಂತ ಕಾರಣ ಹೇಳಬೇಕಾಗಿಲ್ಲ.
4. ತಪ್ಪು ಇಲಾಖೆಗೆ ಕಳಿಸಿದ್ರೂ, ಐದು ದಿನದೊಳಗೆ ಸರಿಯಾದ ಇಲಾಖೆಗೆ ವರ್ಗಾಯಿಸೋದು ಅವರ ಹೊಣೆ. "ಅದು ನಮ್ಮದಲ್ಲ" ಅಂತ ವಾಪಸ್ ಕಳಿಸೋ ಹಾಗಿಲ್ಲ.

ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ರೆ ಮೊದಲ ಮೇಲ್ಮನವಿ, ಆಮೇಲೆ ರಾಜ್ಯ ಮಾಹಿತಿ ಆಯೋಗ. ಸಕಾರಣ ಇಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕೋ ಅಧಿಕಾರ ಆಯೋಗಕ್ಕಿದೆ. ಆಯೋಗದ ಮಟ್ಟಕ್ಕೆ ಹೋದ್ರೆ ಕಾಯಬೇಕಾಗುತ್ತೆ, ಅದನ್ನೂ ಹೇಳಿಬಿಡ್ತೀನಿ.

ಏನು ಕೇಳ್ತೀರಿ ಅನ್ನೋದರಲ್ಲೇ ಎಲ್ಲ ಇದೆ. "ನಮ್ಮ ಬೀದಿಯಲ್ಲಿ ಯಾಕೆ ನೀರು ನಿಲ್ಲುತ್ತೆ?" ಅಂದ್ರೆ ಅದು ಜಗಳ, ಅದಕ್ಕೆ ಮಾಹಿತಿ ಕೊಡೋಕಾಗಲ್ಲ. ಅವರ ಹತ್ತಿರ ಇರೋ ದಾಖಲೆಯ ಹೆಸರು ಹಿಡಿದು ಕೇಳಿ. ಈ ಬೀದಿಯ ಚರಂಡಿಯ ಎಸ್ಟಿಮೇಟ್, ವರ್ಕ್ ಆರ್ಡರ್, ಅಳತೆ ಬರೆದಿಡೋ ಎಂ-ಬುಕ್‌ನ ಪ್ರತಿ, ಪಾವತಿಯಾದ ಬಿಲ್. ಜೊತೆಗೆ ಡಿಫೆಕ್ಟ್ ಲಯಬಿಲಿಟಿ ಅವಧಿ ಎಷ್ಟು ಅಂತ. ಆ ಅವಧಿಯೊಳಗೆ ಹಾಳಾದ್ರೆ ಕಂಟ್ರಾಕ್ಟರೇ ತನ್ನ ಖರ್ಚಲ್ಲಿ ಸರಿ ಮಾಡಬೇಕು. ಕಾಯ್ದೆಯ ಪ್ರಕಾರ ಕಾಮಗಾರಿಯನ್ನ ಖುದ್ದಾಗಿ ಪರಿಶೀಲಿಸೋಕೆ, ಸಾಮಗ್ರಿಯ ಮಾದರಿ ಪಡೆಯೋಕೂ ಹಕ್ಕಿದೆ.

2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಊರು ಮುಳುಗಿದಾಗ, ಮಳೆನೀರು ಚರಂಡಿಯ 4,000 ಕೋಟಿ ಎಲ್ಲಿ ಹೋಯ್ತು, ಶ್ವೇತಪತ್ರ ಕೊಡಿ ಅಂತ ವಿರೋಧ ಪಕ್ಷದೋರು ಕೇಳಿದ್ರು. ಅದು ಅವರ ಕೆಲಸ, ಕೇಳಲಿ. ಆದ್ರೆ 4,000 ಕೋಟಿ ನನ್ನ ತಲೆಗೆ ಹತ್ತೋ ಸಂಖ್ಯೆ ಅಲ್ಲ. ನಮ್ಮ ಬೀದಿಯ ಚರಂಡಿ ಹತ್ತುತ್ತೆ. ಎಂ-ಬುಕ್‌ನಲ್ಲಿ 300 ಮೀಟರ್ ಅಂತಿದ್ದು, ಟೇಪ್ ಹಿಡಿದ್ರೆ 220 ಬಂದ್ರೆ, ಅದಕ್ಕೆ ಯಾವ ಪಕ್ಷದ ವಕ್ತಾರರೂ ಬೇಡ. ರಾಜಸ್ಥಾನದ ಹಳ್ಳಿಯೋರು ಮಾಡಿದ್ದೂ ಇಷ್ಟೇ.

ತಮಿಳುನಾಡಿನಲ್ಲಿ ಇದಕ್ಕೆ ಅಡಿಪಾಯ ಹಳೆಯದು. 1997ರಲ್ಲೇ ಇಲ್ಲಿ ರಾಜ್ಯದ್ದೇ ಮಾಹಿತಿ ಹಕ್ಕು ಕಾಯ್ದೆ ಇತ್ತು, 1998ರಲ್ಲಿ ಟೆಂಡರ್ ಪಾರದರ್ಶಕತೆ ಕಾಯ್ದೆ ಬಂತು. ಅರಪ್ಪೋರ್ ಇಯಕ್ಕಂ ಅನ್ನೋ ಚೆನ್ನೈನ ಸಂಘಟನೆ 2018ರಲ್ಲಿ ಚೆನ್ನೈ, ಕೊಯಮತ್ತೂರು ಪಾಲಿಕೆಗಳ ಟೆಂಡರ್ ಬಗ್ಗೆ ದಾಖಲೆ ಇಟ್ಕೊಂಡೇ ದೂರು ಕೊಡ್ತು. ಅದು ಹೈಕೋರ್ಟಿಗೂ ಹೋಯ್ತು, 2021ರಲ್ಲಿ ಎಫ್‌ಐಆರ್ ಮಟ್ಟಕ್ಕೂ ಹೋಯ್ತು. ಸರಿ ತಪ್ಪು ಕೋರ್ಟಿನ ವಿಷಯ. ಸಾಮಾನ್ಯ ಜನ ಟೆಂಡರ್ ಕಾಗದ ಓದಿ ಅಷ್ಟು ದೂರ ಹೋಗಬಹುದು ಅನ್ನೋದು ನಮ್ಮ ವಿಷಯ.

ಆರ್‌ಟಿಐ ನಿಲ್ಲೋ ಜಾಗ

ಆರ್‌ಟಿಐ ನಿಮಗೆ ಕಾಗದ ಕೊಡುತ್ತೆ. ಅದನ್ನ ಹಿಡಿದು "ಇದಕ್ಕೇನಂತೀರಿ?" ಅಂತ ಮುಖ ನೋಡಿ ಕೇಳೋ ಜಾಗ ಬೇರೆ. ಅದು ಏರಿಯಾ ಸಭೆ. ನಮ್ಮ ಹಳ್ಳಿಗಳ ಗ್ರಾಮಸಭೆ ಇದ್ದ ಹಾಗೆ. ತಮಿಳುನಾಡು ಇದಕ್ಕೆ 2022ರಲ್ಲಿ ನಿಯಮ ಮಾಡಿ, ಅದೇ ವರ್ಷ ನವೆಂಬರ್ 1ರಂದು, ಅಲ್ಲಿನ ಸ್ಥಳೀಯಾಡಳಿತ ದಿನ, ಸಭೆಗಳನ್ನ ಶುರು ಮಾಡ್ತು. ನಾವು ರಾಜ್ಯೋತ್ಸವ ಆಚರಿಸೋ ದಿನವೇ.

ಆದ್ರೆ ಏರಿಯಾ ಸಭೆಯ ಸದಸ್ಯರು ಯಾರು? ಆ ಪ್ರದೇಶದ ಮತದಾರರ ಪಟ್ಟಿಯಲ್ಲಿ ಹೆಸರಿರೋರು. ವೋಟು ದಾವಣಗೆರೆಯಲ್ಲೋ ಹಾಸನದಲ್ಲೋ ಇಟ್ಕೊಂಡು ಇಲ್ಲಿ ಎಂಟು ವರ್ಷದಿಂದ ಇರೋರು ಆ ಪಟ್ಟಿಯಲ್ಲಿಲ್ಲ. ಒಬ್ಬರಿಗೆ ಒಂದೇ ಕಡೆ ವೋಟು, ಎರಡೂ ಕಡೆ ಇಟ್ಕೊಳ್ಳೋಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಫಾರ್ಮ್ 8 ತುಂಬಿದ್ರೆ ಹೆಸರು ಇಲ್ಲಿಗೆ ಬರುತ್ತೆ. ಬರಬೇಕಾ ಬೇಡವಾ ಅನ್ನೋದು ನಿಮ್ಮ ನಿರ್ಧಾರ. ಊರಿನ ವೋಟು ಬಿಡೋದು ಎಷ್ಟೋ ಜನಕ್ಕೆ ಮನೆಯ ಬೇರು ಕಿತ್ತ ಹಾಗೆ, ನನಗೂ ಅರ್ಥ ಆಗುತ್ತೆ. ಆದ್ರೆ ಊರಿಗೆ ಬಂದವಳು ನೀರಿಗೆ ಬಾರದಿರ್ತಾಳೆಯೇ ಅಂತ ನಮ್ಮೋರೇ ಹೇಳಿದ್ದಾರಲ್ಲ. ಚೆನ್ನೈನಲ್ಲಂತೂ ನೀರೇ ಮನೆಗೆ ಬಂದುಬಿಡುತ್ತೆ.

ಈ ವಾರ ಒಂದು ಸಣ್ಣ ಕೆಲಸ ಮಾಡಿ. ನೀವಿರೋ ಬೀದಿ ಯಾವ ವಲಯ, ಎಷ್ಟನೇ ವಾರ್ಡು, ಕೌನ್ಸಿಲರ್ ಯಾರು, ಇಷ್ಟನ್ನ ಹುಡುಕಿ ಫೋನಿನಲ್ಲಿ ಬರೆದಿಟ್ಕೊಳ್ಳಿ. ಈಶಾನ್ಯ ಮಾರುತದ ಮಳೆ ಶುರುವಾದ ಮೇಲೆ ಹುಡುಕೋದು ಕಷ್ಟ. ಮುಂದಿನ ಸಲ ಆರ್‌ಟಿಐ ಅರ್ಜಿಯನ್ನ ಸಾಲು ಸಾಲಾಗಿ ಬರೆದು ತೋರಿಸ್ತೀನಿ.

ಸಿಗೋಣ, ನಮಸ್ಕಾರ.